ದಿಕ್ಸೂಚಿಯಿಲ್ಲದೆ ಸಾಗರ ದಾಟಿಸಿದ ನಕ್ಷತ್ರಗಳು

ದಿಕ್ಸೂಚಿ, ಗಡಿಯಾರ, ನಕಾಶೆಗಳ ನೆರವಿಲ್ಲದೆ ಕೇವಲ ಆಕಾಶವನ್ನು ನೋಡಿ ಮಹಾಸಾಗರ ದಾಟಲು ಸಾಧ್ಯವೇ? ಪೆಸಿಫಿಕ್ ಸಾಗರದ ದೂರದ ದ್ವೀಪಗಳಿಗೆ ಜನರು ಗಾಳಿ, ಪ್ರವಾಹಗಳಿಗೆ ಸಿಲುಕಿ ಆಕಸ್ಮಿಕವಾಗಿ ತಲುಪಿದರೆಂದು 1956ರಲ್ಲಿ ನ್ಯೂಜಿಲೆಂಡ್‌ನ ಇತಿಹಾಸಕಾರ ಆಂಡ್ರ್ಯೂ ಶಾರ್ಪ್ ವಾದಿಸಿದ್ದರು.

ಈ ವಾದಕ್ಕೆ ಉತ್ತರ ದೊರೆತದ್ದು 1976ರಲ್ಲಿ. 'ಹೊಕುಲೆಯಾ' ಎಂಬ ಜೋಡಿದೋಣಿ ಹವಾಯಿಯಿಂದ ಹೊರಟು, ಸುಮಾರು 4,000 ಕಿ.ಮೀ. ದೂರದ ತಹೀತಿಯನ್ನು ಒಂದು ತಿಂಗಳಿಗೆ ತುಸು ಹೆಚ್ಚಿನ ಅವಧಿಯಲ್ಲಿ ಸೇರಿತು. ಹವಾಯಿಯಲ್ಲಿ ಈ ವಿದ್ಯೆ ಬಲ್ಲವರು ಉಳಿದಿರಲಿಲ್ಲ. ಆದ್ದರಿಂದ ಮೈಕ್ರೊನೇಷ್ಯದ ಸತವಾಲ್ ದ್ವೀಪದ ಮೌ ಪಿಯಾಲುಗ್ ದಾರಿ ತೋರಿದರು.

ವಿದ್ಯೆಯ ತತ್ತ್ವ ಸರಳ. ಒಂದು ಸ್ಥಳದಿಂದ ನೋಡಿದಾಗ ನಕ್ಷತ್ರವೊಂದು ಪ್ರತಿದಿನವೂ ದಿಗಂತದ ಅದೇ ಬಿಂದುವಿನಲ್ಲಿ, ಸುಮಾರು 4 ನಿಮಿಷ ಮೊದಲು ಉದಯಿಸುತ್ತದೆ. ಅದು ಮೇಲೇರಿದ ಬಳಿಕ ಅದೇ ತಾಣದಲ್ಲಿ ಮೂಡುವ ಮತ್ತೊಂದು ನಕ್ಷತ್ರ ದಿಕ್ಕು ತಿಳಿಸುತ್ತದೆ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುವಂತೆ ಕಾಣುವುದರಿಂದ ನಕ್ಷತ್ರಗಳ ಚಲನೆಯೇ ಗಡಿಯಾರವೂ ಹೌದು. ದಕ್ಷಿಣಕ್ಕೆ ಸಾಗಿದಷ್ಟೂ ಧ್ರುವನಕ್ಷತ್ರ ತಗ್ಗುತ್ತ, ಭೂಮಧ್ಯರೇಖೆ ದಾಟಿದ ಮೇಲೆ ಮರೆಯಾಗುತ್ತದೆ. ಸ್ವಾತಿ ನಕ್ಷತ್ರ ಹವಾಯಿಯ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಅದರ ಹವಾಯಿ ಹೆಸರೇ ಹೊಕುಲೆಯಾ. ಮೋಡ ಕವಿದಾಗ ಅಲೆಗಳ ದಿಕ್ಕೇ ಆಧಾರ.

ತಮ್ಮ ದ್ವೀಪದ ಯುವಕರಲ್ಲಿ ಆಸಕ್ತಿ ಕುಂದುತ್ತಿದ್ದುದನ್ನು ಕಂಡ ಪಿಯಾಲುಗ್, ಸಂಪ್ರದಾಯ ಮೀರಿ ಹೊರಗಿನವರಿಗೂ ವಿದ್ಯೆ ಕಲಿಸಿದರು. ಅವರ ಶಿಷ್ಯ, ಹವಾಯಿಯ ನೈನೋವಾ ಥಾಂಪ್ಸನ್ 1980ರಲ್ಲಿ ಉಪಕರಣಗಳಿಲ್ಲದೆ ಅದೇ ಯಾನ ಪೂರೈಸಿದರು. 2010ರಲ್ಲಿ ಪಿಯಾಲುಗ್ ನಿಧನರಾಗುವ ವೇಳೆಗೆ ವಿದ್ಯೆ ಹೊಸ ಪೀಳಿಗೆಯ ಕೈ ಸೇರಿತ್ತು.