ಗಂಡು ನೊಣಗಳಷ್ಟೇ ಬದುಕುವ ತಳಿ

ಗ್ವಾಟೆಮಾಲಾದ ಎಲ್ ಪಿನೋದಲ್ಲಿ ನೊಣದ ಕಾರ್ಖಾನೆಯೊಂದಿದೆ. ಹಣ್ಣಿನ ತೋಟಗಳ ಶತ್ರುವಾದ ಮೆಡಿಟರೇನಿಯನ್ ಹಣ್ಣುನೊಣವನ್ನು ಅಲ್ಲಿ ವಾರಕ್ಕೆ ನೂರು ಕೋಟಿಗೂ ಮೀರಿ ಉತ್ಪಾದಿಸಬಹುದು. ವಿಕಿರಣ ಹಾಯಿಸಿ ವಿಮಾನದಿಂದ ಬಿಡುವುದು ಗಂಡುಗಳನ್ನು ಮಾತ್ರ. ಅವುಗಳೊಡನೆ ಕೂಡಿದ ಕಾಡು ಹೆಣ್ಣು ಮೊಟ್ಟೆಯನ್ನೇನೋ ಇಡುತ್ತದೆ, ಆದರೆ ಮರಿ ಹೊರಬರುವುದಿಲ್ಲ.

ಈ ಉಪಾಯ ಹಳೆಯದು. 1954ರಲ್ಲೇ ಕುರಸಾವ್ ದ್ವೀಪದಲ್ಲಿ ದನಗಳ ಗಾಯಕ್ಕೆ ಮುತ್ತುವ ಸ್ಕ್ರೂವರ್ಮ್ ನೊಣವನ್ನು ಹೀಗೇ ನಿರ್ಮೂಲ ಮಾಡಿದ್ದರು. ಆಗ ಹೆಣ್ಣು ಗಂಡು ಎರಡನ್ನೂ ಬಿಟ್ಟಿದ್ದರು. ಹಣ್ಣುನೊಣದಲ್ಲಿ ಅದು ದುಬಾರಿ. ಹೆಣ್ಣು ಬಂಜೆಯಾದರೂ ಹಣ್ಣನ್ನು ಚುಚ್ಚುವುದು ಬಿಡುವುದಿಲ್ಲ; ಚುಚ್ಚಿದ ಕಡೆ ಕೊಳೆ ಶುರು. ಸಾಲದ್ದಕ್ಕೆ ಬಿಟ್ಟ ಗಂಡುಗಳು ಜೊತೆಗೆ ಬಂದ ಹೆಣ್ಣುಗಳ ಹಿಂದೆಯೇ ಸುತ್ತುತ್ತವೆ.

ಕೋಟಿಗಟ್ಟಲೆ ನೊಣಗಳಲ್ಲಿ ಹೆಣ್ಣನ್ನು ಆರಿಸಿ ತೆಗೆಯುವುದು ಹೇಗೆ? ವಿಯೆನ್ನಾ ಸಮೀಪದ ಸೈಬರ್ಸ್‌ಡಾರ್ಫ್‌ನಲ್ಲಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಜಂಟಿ ಪ್ರಯೋಗಾಲಯದವರು ಆ ಕೆಲಸವನ್ನು ನೊಣದ ವರ್ಣತಂತುಗಳಿಗೇ ಒಪ್ಪಿಸಿದರು. ಅವರ ಬಳಿ ಎರಡು ದೋಷಗಳಿದ್ದ ನೊಣಗಳಿದ್ದವು. ಒಂದು ದೋಷದಿಂದ, ಭತ್ತದ ಕಾಳಿನಂತೆ ಕಾಣುವ ಪ್ಯೂಪಾ, ಅಂದರೆ ಕೋಶ, ಕಂದಾಗುವ ಬದಲು ಬೆಳ್ಳಗಾಗುತ್ತದೆ. ಇನ್ನೊಂದರಿಂದ ಭ್ರೂಣ ಬಿಸಿ ತಾಳದೆ ಸಾಯುತ್ತದೆ. ಈ ಎರಡೂ ಜೀನ್‌ಗಳ ಸರಿಯಾದ ಪ್ರತಿಗಳಿರುವ ವರ್ಣತಂತುವಿನ ತುಂಡು ವೈ ವರ್ಣತಂತುವಿಗೆ ಅಂಟಿಕೊಂಡಿರುವ ತಳಿಯನ್ನು ರೂಪಿಸಿದರು. ವೈ ಹೋಗುವುದು ಅಪ್ಪನಿಂದ ಮಗನಿಗೆ ಮಾತ್ರ. ಹಾಗಾಗಿ ಗಂಡುಮಕ್ಕಳೆಲ್ಲ ಕಂದು, ಬಿಸಿಗೆ ಗಟ್ಟಿ. ಹೆಣ್ಣುಮಕ್ಕಳೆಲ್ಲ ಬಿಳಿ, ಬಿಸಿಗೆ ಬಲಿ.

ಮುಂದಿನದು ಸರಳ. ಮೊಟ್ಟೆಗಳನ್ನು 34 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸುಮಾರು ಒಂದು ದಿನ ಇಟ್ಟರೆ ಹೆಣ್ಣು ಭ್ರೂಣಗಳು ಮೊಟ್ಟೆಯಲ್ಲೇ ಸಾಯುತ್ತವೆ. ಅವಕ್ಕೆ ತೌಡು, ಸಕ್ಕರೆ, ಯೀಸ್ಟ್ ತಿನ್ನಿಸುವ ಖರ್ಚೇ ಇಲ್ಲ. ಎಲ್ಲ ಹೆಣ್ಣೂ ಸತ್ತರೆ ವಂಶ ಬೆಳೆಯುವುದು ಹೇಗೆ ಎಂದು ಕೇಳಬಹುದು: ತಳಿ ಉಳಿಸುವ ಮೊಟ್ಟೆಗಳಿಗೆ ಈ ಬಿಸಿ ತಾಗಿಸುವುದಿಲ್ಲ, ಅಷ್ಟೇ. ಗ್ವಾಟೆಮಾಲಾದ ಹೊಲ ಪ್ರಯೋಗಗಳಲ್ಲಿ ಗಂಡುಗಳನ್ನಷ್ಟೇ ಬಿಟ್ಟಾಗ ಪರಿಣಾಮ ಹಲವು ಪಟ್ಟು ಹೆಚ್ಚಿತು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಇದರ ಕಾವಲು. ಅಪರೂಪಕ್ಕೆ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಬಿಸಿ ತಾಳುವ ಹೆಣ್ಣು ಹುಟ್ಟುತ್ತದೆ. ಅದನ್ನು ಹಾಗೇ ಇರಗೊಟ್ಟರೆ ಇಡೀ ತಳಿ ಕೆಟ್ಟೀತು. ಅದಕ್ಕೇ ಮೂಲ ತಳಿಯ ಸಣ್ಣ ಹಿಂಡೊಂದನ್ನು ಬೇರೆ ಸಾಕಿ, ಕಂದು ಕೋಶದ ಹೆಣ್ಣು, ಬಿಳಿ ಕೋಶದ ಗಂಡು ಕಂಡರೆ ಹೆಕ್ಕಿ ತೆಗೆಯುತ್ತಾರೆ. ಇಷ್ಟೆಲ್ಲ ತಂತ್ರದ ನಡುವೆ ಮನುಷ್ಯನ ಕಣ್ಣಿಗೆ ರಜೆಯಿಲ್ಲ.

ಕೋಲಾರ, ಶ್ರೀನಿವಾಸಪುರದ ಮಾವಿಗೆ ಕಾಟ ಕೊಡುವ ನೊಣ ಇದಲ್ಲ, ಇದರ ಬಂಧು ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್. ನಮ್ಮ ಬೆಳೆಗಾರರು ಅದಕ್ಕೆ ಮೀಥೈಲ್ ಯೂಜಿನಾಲ್ ಬಲೆ ಕಟ್ಟುತ್ತಾರೆ. ಆ ಬಲೆಗೆ ಬೀಳುವುದೂ ಗಂಡುಗಳೇ. ಪ್ಯೂಪಾ ಬೆಳ್ಳಗಾಗಲು ಎರಡೂ ನೊಣಗಳಲ್ಲಿ ಒಂದೇ ಜೀನ್ ಕಾರಣವೆಂದು 2021ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಥಾಯ್ಲೆಂಡಿನಲ್ಲಿ ಈ ಮಾವಿನ ನೊಣದ ಸಲಾಯಾ-1 ಎಂಬ ತಳಿಯೂ ಸಿದ್ಧವಾಗಿದೆ: ಗಂಡು ಕಂದು, ಹೆಣ್ಣು ಬಿಳಿ. ಆದರೆ ಬಿಸಿಗೆ ಸಾಯುವ ಗುಣ ಅದಕ್ಕಿಲ್ಲ. ಹೆಣ್ಣುಗಳನ್ನು ಪ್ಯೂಪಾ ಆಗುವವರೆಗೂ ಸಾಕಿಯೇ ಬೇರ್ಪಡಿಸಬೇಕು, ಆ ಮೇವಿನ ಖರ್ಚು ಉಳಿಯುವುದಿಲ್ಲ.