ಖಾಲಿ ಗಾಡಿಯ ಕುಣಿತ

ಅಪ್ಪ ಹದಿನೆಂಟು ವರ್ಷ ಹಾಸನ–ಮಂಗಳೂರು ದಾರಿಯಲ್ಲಿ ಲಾರಿ ಓಡಿಸಿದವರು. ಶಿರಾಡಿ ಘಾಟಿಯಲ್ಲಿ ಲೋಡ್ ತುಂಬಿ ಇಳಿಯುವಾಗ ಅವರಿಗೆ ಬ್ರೇಕಿನದೇ ಯೋಚನೆ. ಮಳೆಗಾಲದಲ್ಲಿ ಖಾಲಿ ಹತ್ತಿ ಬರುವಾಗ ಹಿಂದಿನ ಚಕ್ರಗಳ ಯೋಚನೆ. “ಲೋಡ್ ಇದ್ರೆ ಗಾಡಿ ನೆಲ ಕಚ್ಕೊಂಡು ಹೋಗತ್ತೆ ಕಣಮ್ಮ, ಖಾಲಿ ಇದ್ರೆ ಕುಣಿಯತ್ತೆ” ಎನ್ನುತ್ತಿದ್ದರು. ಆ ಮಾತು ನನ್ನ ಮೈಗೇ ಅರ್ಥವಾದದ್ದು ನೆಬ್ರಾಸ್ಕಾದ ಒಂದು ಪಾರ್ಕಿಂಗ್ ಬಯಲಿನಲ್ಲಿ, ಆಟೊಕ್ರಾಸ್ ಪಂದ್ಯಕ್ಕೆಂದು 1991ರ ಷೆವ್ರೊಲೆ ಎಸ್-10 ಪಿಕಪ್‌ನ ಸ್ಟೇರಿಂಗ್ ಹಿಡಿದಿದ್ದಾಗ.

ನಮ್ಮ ಕಡೆ ಆಟೊಕ್ರಾಸ್ ಎಂದರೆ ಹೆಚ್ಚಾಗಿ ಮಣ್ಣಿನ ಹಾದಿ, ಧೂಳು. ಅಮೆರಿಕದ್ದು ಬೇರೆ. ಡಾಂಬರು ಅಥವಾ ಕಾಂಕ್ರೀಟ್ ಬಯಲಿನಲ್ಲಿ ಕಿತ್ತಳೆ ಬಣ್ಣದ ಕೋನ್‌ಗಳನ್ನು ನಿಲ್ಲಿಸಿ ಹಾದಿ ಮಾಡುತ್ತಾರೆ. ಯಾರೂ ಯಾರನ್ನೂ ಹಿಂದಿಕ್ಕುವುದಿಲ್ಲ, ಪೈಪೋಟಿ ಇರುವುದು ಗಡಿಯಾರದ ಜೊತೆ. ಒಂದು ಸುತ್ತು ಸುಮಾರು ಒಂದು ನಿಮಿಷ. ಕೋನ್ ಉರುಳಿಸಿದರೆ ಒಂದಕ್ಕೆ 2 ಸೆಕೆಂಡ್ ದಂಡ, ಹಾದಿ ತಪ್ಪಿದರೆ ಆ ಸುತ್ತು ಲೆಕ್ಕಕ್ಕಿಲ್ಲ. ವೇಗ ಹೆದ್ದಾರಿಯ ವೇಗವನ್ನು ಮೀರುವುದು ಅಪರೂಪ. 1944ರಲ್ಲಿ ಹುಟ್ಟಿದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಇದಕ್ಕೆ ‘ಸೋಲೊ’ ಎಂದು ಹೆಸರಿಟ್ಟಿದೆ. ಅದರ ರಾಷ್ಟ್ರೀಯ ಪಂದ್ಯ 2009ರಲ್ಲಿ ನಮ್ಮ ಪಕ್ಕದ ಲಿಂಕನ್ ಊರಿನ ಹಳೆಯ ವಾಯುನೆಲೆಯ ಕಾಂಕ್ರೀಟಿಗೆ ಬಂತು. ಸಾವಿರಕ್ಕೂ ಹೆಚ್ಚು ಚಾಲಕರು ಸೇರುತ್ತಾರೆ. ಉಳಿದ ಭಾನುವಾರಗಳಲ್ಲಿ ಊರೂರಿನ ಕ್ಲಬ್ಬುಗಳಿಗೆ ನನ್ನಂಥವರು ದಿನವೂ ಓಡಿಸುವ ವಾಹನದಲ್ಲೇ ಹೋಗುತ್ತಾರೆ. ತಮ್ಮ ಸರದಿ ಮುಗಿದ ಮೇಲೆ ಬಿಸಿಲಲ್ಲಿ ನಿಂತು ಬೇರೆಯವರು ಬೀಳಿಸಿದ ಕೋನ್ ಎತ್ತಿಡುತ್ತಾರೆ. ನನಗೆ ಈ ಆಟದಲ್ಲಿ ತುಂಬ ಇಷ್ಟವಾದದ್ದು ಈ ಪದ್ಧತಿಯೇ.

ಎಸ್-10 ಚಿಕ್ಕ ಪಿಕಪ್. ನನ್ನದು ಒಂಟಿ ಕ್ಯಾಬಿನ್ನಿನದು, 4.3 ಲೀಟರಿನ ಆರು ಸಿಲಿಂಡರ್ ಎಂಜಿನ್, ಓಡುವುದು ಹಿಂದಿನ ಚಕ್ರಗಳಿಂದ. ಮೊದಲ ದಿನ ಸಾಲು ಕೋನ್‌ಗಳ ನಡುವೆ ಎಡಬಲ ತಿರುಗಿಸುತ್ತ ಹೋದೆ. ಮೂತಿ ನಾನು ಹೇಳಿದ ಕಡೆ ತಿರುಗಲೇ ಇಲ್ಲ. ಕ್ಯಾಬಿನ್ ದೋಣಿಯಂತೆ ವಾಲಿತು. ಡಾಂಬರಿನ ಸಣ್ಣ ಉಬ್ಬಿನ ಮೇಲೆ ಹಿಂಭಾಗ ಟಕಟಕನೆ ಹಾರಿ ಪಕ್ಕಕ್ಕೆ ಜರುಗಿತು. ಅವತ್ತು ನನ್ನ ಅತ್ಯುತ್ತಮ ಸುತ್ತು 61.8 ಸೆಕೆಂಡ್.

ಮರುದಿನ ಲಾರಿ ತೂಗುವ ವೇ ಬ್ರಿಜ್‌ಗೆ ಒಯ್ದೆ. ಮುಂದಿನ ಚಕ್ರಗಳ ಮೇಲೆ 790 ಕಿಲೊ, ಹಿಂದೆ 570. ಅಪ್ಪನ ಕುಣಿತದ ಲೆಕ್ಕ ಆ ಚೀಟಿಯಲ್ಲೇ ಇತ್ತು. ಹಿಂದಿನ ಕಮಾನು ಪಟ್ಟಿಗಳನ್ನು ಅರ್ಧ ಟನ್ ಸರಕು ಹೊರಲೆಂದು ಜೋಡಿಸಿರುತ್ತಾರೆ. ಸರಕಿಲ್ಲದಾಗ ಅವು ಬಗ್ಗುವುದೇ ಇಲ್ಲ. ಸ್ಪ್ರಿಂಗ್ ಬಗ್ಗದಿದ್ದರೆ ಉಬ್ಬು ಸಿಕ್ಕಾಗ ಚಕ್ರವೇ ನೆಲ ಬಿಡುತ್ತದೆ. ಫೋನಿನಲ್ಲಿ ಹೇಳಿದಾಗ ಅಪ್ಪ, “ಎರಡು ಮೂಟೆ ಮರಳು ಹಾಕಮ್ಮ” ಎಂದರು. ಇಲ್ಲಿಯ ಜನ ಹಿಮಗಾಲದಲ್ಲಿ ಪಿಕಪ್ಪಿನ ಹಿಂದೆ ಮರಳು ಮೂಟೆ ಹೇರುವುದೂ ಅದಕ್ಕೇ. ಆದರೆ ಪಂದ್ಯದಲ್ಲಿ ಗಾಡಿಯೊಳಗೆ ಸಡಿಲ ವಸ್ತು ಒಂದೂ ಇರಕೂಡದು, ತಪಾಸಣೆಯಲ್ಲೇ ಇಳಿಸುತ್ತಾರೆ.

ಹಳೆಯ ಗಾಡಿ ತಂದವರು ಹೊಸ ಭಾಗಗಳಿಗೆ ಕೈ ಹಾಕುವ ಮುನ್ನ ಹಳೆಯದನ್ನು ಆರೋಗ್ಯಕ್ಕೆ ತರಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಮೂವತ್ತು ವರ್ಷ ಕಳೆದ ರಬ್ಬರ್ ಬುಷ್‌ಗಳು ಬಿರಿದು ಪುಡಿಯಾಗಿದ್ದವು. ಬುಷ್ ಸವೆದರೆ ತಿರುವಿನಲ್ಲಿ ಚಕ್ರ ತನಗೆ ತೋಚಿದ ಕೋನಕ್ಕೆ ವಾಲುತ್ತದೆ, ಎಂಥ ಅಲೈನ್‌ಮೆಂಟೂ ನಿಲ್ಲುವುದಿಲ್ಲ. ಬುಷ್, ಬಾಲ್ ಜಾಯಿಂಟ್, ಸ್ಟೇರಿಂಗಿನ ಸವೆದ ಕೀಲುಗಳು, ನಾಲ್ಕು ಶಾಕ್ ಅಬ್ಸಾರ್ಬರ್ – ಎರಡು ತಿಂಗಳ ಶನಿವಾರಗಳು ಇದಕ್ಕೇ ಹೋದವು. ಸ್ಪ್ರಿಂಗ್ ಒತ್ತಿ ಬಿಟ್ಟರೆ ತಾನಾಗಿ ತೂಗುತ್ತಲೇ ಇರುತ್ತದೆ, ಆ ತೂಗಾಟವನ್ನು ತಡೆದು ಟೈರನ್ನು ನೆಲಕ್ಕೆ ಮರಳಿಸುವುದು ಶಾಕ್‌ನ ಕೆಲಸ. ಎಡಬಲ ಬೇಗಬೇಗ ತಿರುಗುವ ಆಟದಲ್ಲಿ ಒಂದು ತೂಗಾಟ ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ, ಹಾಗಾಗಿ ಶಾಕ್‌ಗೆ ಇಲ್ಲಿ ಇಷ್ಟು ಬೆಲೆ.

ಆಮೇಲೆ ಎತ್ತರ. ಎದುರುಬದುರು ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಬರುವ ಸಂಖ್ಯೆಯಿಂದ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಗಾಡಿ ಮಗುಚುವ ಅಪಾಯವನ್ನು ಅಳೆಯುತ್ತದೆ. ಕಾರುಗಳಿಗೆ ಸಾಮಾನ್ಯವಾಗಿ 1.30ರಿಂದ 1.50, ಪಿಕಪ್ಪುಗಳಿಗೆ 1.00ರಿಂದ 1.30. ಅಗಲ 140 ಸೆಂ.ಮೀ., ಕೇಂದ್ರ 60 ಸೆಂ.ಮೀ. ಎತ್ತರದಲ್ಲಿದ್ದರೆ 1.17. ಅದನ್ನು 5 ಸೆಂ.ಮೀ. ಇಳಿಸಿದರೆ 1.27. ಎತ್ತರದ, ಕಿರಿದಾದ ವಾಹನಗಳನ್ನು ಕ್ಲಬ್ಬಿನವರು ಸ್ಪರ್ಧೆಗೆ ಬಿಡದಿರುವುದು ಈ ಕಾರಣಕ್ಕೆ. ಪಿಕಪ್ ತರುವವರು ಮೊದಲೇ ಕೇಳಿಕೊಂಡು ಹೋಗಬೇಕು.

ತಗ್ಗಿಸಲು ಅಗ್ಗದ ದಾರಿ ಮುಂದಿನ ಕಾಯಿಲ್ ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸುವುದು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಎರಡೂ ಒಂದೇ ಏಟಿಗೆ ಸಿಗುತ್ತವೆ. ನಾನು ಹಾಗೆ ಮಾಡಲಿಲ್ಲ. ಗಾಲಿಯ ಅಚ್ಚು 2 ಇಂಚು ಮೇಲಕ್ಕಿರುವ ಸ್ಪಿಂಡಲ್ ಹಾಕಿಸಿದೆ. ಇದರಿಂದ ಗಾಡಿ ತಗ್ಗುತ್ತದೆ, ಆದರೆ ಸ್ಪ್ರಿಂಗ್ ಕೆಳಗೆ ಕುಗ್ಗಲು ಬೇಕಾದ ಜಾಗ ಹಾಗೇ ಉಳಿಯುತ್ತದೆ. ಆ ಜಾಗ ಮುಗಿದರೆ ಸಸ್ಪೆನ್ಷನ್ ರಬ್ಬರಿನ ಬಂಪ್ ಸ್ಟಾಪಿಗೆ ಬಡಿಯುತ್ತದೆ. ತಿರುವಿನ ನಡುವೆ ಬಡಿದರೆ ಆ ಚಕ್ರ ಒಮ್ಮೆಲೇ ಜಾರುತ್ತದೆ. ಹಿಂದೆ ಕಡಿಮೆ ಬಾಗಿನ, ತುಸು ಮೆದುವಾದ ಕಮಾನು ಪಟ್ಟಿಗಳ ಜೋಡಿ ಹಾಕಿದೆ. ಅರ್ಧ ಟನ್ ಹೊರುವ ಶಕ್ತಿ ಹೋಯಿತು. ಟಕಟಕ ಹಾರುವುದೂ ಅವತ್ತೇ ನಿಂತಿತು.

ಇನ್ನು ಆ್ಯಂಟಿ-ರೋಲ್ ಬಾರ್. ಎಡಬಲ ಚಕ್ರಗಳನ್ನು ಜೋಡಿಸುವ ಈ ಉಕ್ಕಿನ ಸರಳು ಗಾಡಿ ಒಂದು ಕಡೆ ವಾಲಲು ಹೋದಾಗ ತಿರುಚಿಕೊಂಡು ತಡೆಯುತ್ತದೆ. ದಪ್ಪ ಸ್ವಲ್ಪ ಹೆಚ್ಚಿದರೂ ಪರಿಣಾಮ ದೊಡ್ಡದು: 24 ಮಿ.ಮೀ. ಬದಲು 32 ಮಿ.ಮೀ. ಸರಳು ಹಾಕಿದರೆ ಬಿಗಿತ ಮೂರು ಪಟ್ಟು ದಾಟುತ್ತದೆ. ಮೂತಿ ತಿರುಗದ ಗಾಡಿಗೆ ಹಿಂದೆ ದಪ್ಪ ಬಾರ್ ಹಾಕಬೇಕೆಂದು ಎಲ್ಲರೂ ಹೇಳಿದರು. ಹಾಕಿದೆ. ಮೂತಿ ತಿರುಗಿತು. ಆದರೆ ತಿರುವಿನಿಂದ ಹೊರಬರುತ್ತ ಆ್ಯಕ್ಸಿಲರೇಟರ್ ಒತ್ತಿದರೆ ಒಳಗಿನ ಹಿಂಚಕ್ರ ಹೊಗೆ ಕಾರುತ್ತ ನಿಂತಲ್ಲೇ ಸುತ್ತುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ.

ಕಾರಣ ಹುಡುಕುತ್ತ ಒಂದು ವಾರ ಕಳೆದೆ. ತಿರುವಿನಲ್ಲಿ ಒಳಗಿನ ಚಕ್ರಗಳಿಂದ ಹೊರಗಿನವಕ್ಕೆ ಒಟ್ಟು ಎಷ್ಟು ಭಾರ ದಾಟಬೇಕೆಂದು ನಿರ್ಧರಿಸುವುದು ಗುರುತ್ವ ಕೇಂದ್ರದ ಎತ್ತರ, ಚಕ್ರಗಳ ಅಗಲ, ತಿರುವಿನ ಜೋರು. ಬಾರ್ ಅದನ್ನು ಕಡಿಮೆ ಮಾಡಲಾರದು. ಆ ಭಾರದಲ್ಲಿ ಮುಂದೆ ಎಷ್ಟು ದಾಟಲಿ, ಹಿಂದೆ ಎಷ್ಟು ದಾಟಲಿ ಎಂದು ಹಂಚುವುದಷ್ಟೇ ಅದರ ಕೈಲಿರುವುದು. ಹಿಂದೆ ಬಿಗಿ ಮಾಡಿದ್ದರಿಂದ ಮೊದಲೇ ಹಗುರವಾಗಿದ್ದ ಹಿಂಬದಿಯ ಒಳಚಕ್ರದ ಮೇಲೆ ಏನೂ ಉಳಿಯಲಿಲ್ಲ. ಲಾರಿಯವರು ಕ್ರೌನ್ ಎನ್ನುವ ಡಿಫರೆನ್ಶಿಯಲ್ ನನ್ನ ಗಾಡಿಯಲ್ಲಿ ಸಾದಾ ಬಗೆಯದು. ಎರಡೂ ಚಕ್ರಕ್ಕೆ ಸಮ ಬಲ ಕೊಡುತ್ತದೆ, ಹಗುರವಾದ ಚಕ್ರ ತಡೆಯುವಷ್ಟು ಮಾತ್ರ.

ಹಿಂದಿನ ಬಾರ್ ಕಳಚಿ ಮುಂದೆ ದಪ್ಪದ್ದು ಹಾಕಿದೆ. ಲೆಕ್ಕದ ಪ್ರಕಾರ ಮೂತಿ ಇನ್ನೂ ಮೊಂಡಾಗಬೇಕಿತ್ತು, ಆಗಲಿಲ್ಲ. ಗಾಡಿ ವಾಲುವುದು ಕಡಿಮೆಯಾದಾಗ ಮುಂದಿನ ಹೊರಚಕ್ರ ನೆಟ್ಟಗೆ ನಿಂತು ಟೈರಿನ ಪೂರ್ತಿ ಅಗಲ ನೆಲಕ್ಕೆ ತಾಗಿತು. ಹಿಂದಿನ ಒಳಚಕ್ರಕ್ಕೂ ಮತ್ತೆ ಭಾರ ಬಂತು. ಮೇಲಿನ ಆರ್ಮಿನ ಹಿಂದೆ ತಗಡಿನ ಷಿಮ್ ಬದಲಿಸಿ ಮುಂದಿನ ಚಕ್ರಗಳ ನೆತ್ತಿಯನ್ನು ಒಂದೂವರೆ ಡಿಗ್ರಿ ಒಳಕ್ಕೆ ವಾಲಿಸಿದ್ದೂ ನೆರವಾಯಿತು.

ಟೈರಿನ ಮಾತು ಕೊನೆಗೆ ಬಂತು, ಆದರೆ ಗಡಿಯಾರದಲ್ಲಿ ಅತಿ ಹೆಚ್ಚು ತೋರಿಸಿದ್ದು ಅದೇ. ಅಂಚಿನ ಮೇಲೆ 200 ಎಂಬ ಟ್ರೆಡ್‌ವೇರ್ ಅಂಕೆ ಇರುವ ಮೆದು ರಬ್ಬರಿನವನ್ನು ಹಾಕಿದೆ. ಅವು ಬೇಗ ಸವೆಯುತ್ತವೆ, ಚೆನ್ನಾಗಿ ಹಿಡಿಯುತ್ತವೆ. ಬದಿಗೆ ಸೀಮೆಸುಣ್ಣದ ಗೆರೆ ಎಳೆದು ಓಡಿಸಿ, ಅದು ಎಲ್ಲಿಯವರೆಗೆ ಅಳಿಸಿದೆ ನೋಡಿ ಗಾಳಿ ಹೆಚ್ಚುಕಡಿಮೆ ಮಾಡುತ್ತೇನೆ.

ಕಳೆದ ಅಕ್ಟೋಬರಿನಲ್ಲಿ ಅದೇ ಬಯಲಿನಲ್ಲಿ ಅದೇ ಹಾದಿಯನ್ನು ಮತ್ತೆ ಹಾಕಿದ್ದರು. 54.3 ಸೆಕೆಂಡ್, ಒಂದು ಕೋನೂ ಬೀಳಲಿಲ್ಲ. ಅಪ್ಪನಿಗೆ ವಿಡಿಯೊ ಕಳಿಸಿದೆ. ಅವರು ಎರಡು ಸಲ ನೋಡಿ ಫೋನ್ ಮಾಡಿದರು. “ಕುಣಿಯೋದು ನಿಂತಿದೆ. ಆದ್ರೆ ಎಡಗಡೆ ಕೊನೇ ತಿರುವಲ್ಲಿ ಒಳಚಕ್ರ ಇನ್ನೂ ಸ್ವಲ್ಪ ಸುತ್ತತ್ತೆ ನೋಡು.”

ನಿಧಾನಗತಿಯಲ್ಲಿ ಹಾಕಿ ನೋಡಿದೆ. ಸುತ್ತುತ್ತಿತ್ತು. ಈ ಚಳಿಗಾಲದಲ್ಲಿ ಕ್ರೌನ್ ಬಿಚ್ಚುತ್ತಿದ್ದೇನೆ.