ಸಾಂಬ್ರಾದಿಂದ ದೇವನಹಳ್ಳಿಗೆ: ಲೆಕ್ಕಕ್ಕೆ ಸಿಗದ 28 ನಿಮಿಷ

ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ಸಿಗುತ್ತದೆ ಎಂದು ಪ್ರೌಢಶಾಲೆಯಲ್ಲೇ ಕಲಿಸುತ್ತೇವೆ. ಗೋಕಾಕ, ಮೂಡಲಗಿ, ಹುಕ್ಕೇರಿಯವರು ವಿಮಾನ ಹತ್ತಲು ಹೋಗುವ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಈ ಸೂತ್ರವನ್ನು ಅನ್ವಯಿಸಿ ನೋಡೋಣ.

ಮೊದಲು ದೂರ. ಸಾಂಬ್ರಾ 15.86° ಉತ್ತರ ಅಕ್ಷಾಂಶ, 74.62° ಪೂರ್ವ ರೇಖಾಂಶದಲ್ಲಿದೆ. ದೇವನಹಳ್ಳಿ ಬಳಿಯ ಬೆಂಗಳೂರು ನಿಲ್ದಾಣದ ಸ್ಥಾನ 13.20° ಮತ್ತು 77.71°. ಭೂಮಿಯ ತ್ರಿಜ್ಯ 6371 ಕಿ.ಮೀ. ಆದ್ದರಿಂದ ಅಕ್ಷಾಂಶದ ಒಂದು ಡಿಗ್ರಿ 111.2 ಕಿ.ಮೀ. ಆಗುತ್ತದೆ. ರೇಖಾಂಶಗಳು ಧ್ರುವದತ್ತ ಹೋದಂತೆ ಹತ್ತಿರವಾಗುವುದರಿಂದ ಅವುಗಳ ಅಂತರವನ್ನು ಸರಾಸರಿ ಅಕ್ಷಾಂಶದ ಕೊಸೈನ್‌ನಿಂದ (ಇಲ್ಲಿ 0.968) ಗುಣಿಸಬೇಕು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಮರೆಯುವುದು ಇದನ್ನೇ. ಉತ್ತರ–ದಕ್ಷಿಣ ಅಂತರ 296 ಕಿ.ಮೀ., ಪೂರ್ವ–ಪಶ್ಚಿಮ ಅಂತರ 333 ಕಿ.ಮೀ. ಪೈಥಾಗೊರಸ್ ಪ್ರಮೇಯದಿಂದ ನೇರ ದೂರ ಸುಮಾರು 445 ಕಿ.ಮೀ.

ಗುಂಡಗಿನ ಭೂಮಿಗೆ ಚಪ್ಪಟೆ ತ್ರಿಕೋನ ಹೊಂದುತ್ತದೆಯೇ ಎಂಬ ಸಂಶಯ ನಿಮಗೆ ಬರಬಹುದು. ಬರಲೇಬೇಕು! ಎರಡೂ ನಿಲ್ದಾಣಗಳ ನಡುವೆ ನೆಲದೊಳಗೆ ನೇರ ಸುರಂಗ ಕೊರೆದರೆ ಅದರ ಮಧ್ಯಭಾಗ ಸುಮಾರು 3.9 ಕಿ.ಮೀ. ಆಳದಲ್ಲಿರುತ್ತದೆ. ಆದರೆ ಉಳಿಯುವ ದೂರ ಕೇವಲ 90 ಮೀಟರ್! ಇಷ್ಟು ಅಂತರಕ್ಕೆ ನಮ್ಮ ತ್ರಿಕೋನ ಧಾರಾಳವಾಗಿ ಸಾಕು.

ಇನ್ನು ಕಾಲ. ಇಂಥ ಮಾರ್ಗಗಳಿಗೆ ಬಳಸುವ ಎಟಿಆರ್-72 ವಿಮಾನ ಗಂಟೆಗೆ ಸುಮಾರು 510 ಕಿ.ಮೀ. ವೇಗದಲ್ಲಿ ಹಾರಬಲ್ಲದು. ಭಾಗಿಸಿದರೆ ಬರುವುದು 52 ನಿಮಿಷ. ವೇಳಾಪಟ್ಟಿಯಲ್ಲಿ 80 ನಿಮಿಷ ಎಂದಿದ್ದರೆ ಮಿಕ್ಕ 28 ನಿಮಿಷ ಎಲ್ಲಿ ಹೋಯಿತು?

ವೇಳಾಪಟ್ಟಿಯ ಗಡಿಯಾರ ವಿಮಾನ ನಿಂತ ಜಾಗದಿಂದ ಕದಲಿದಾಗ ಶುರುವಾಗಿ, ಮತ್ತೊಂದು ನಿಲ್ದಾಣದಲ್ಲಿ ತನ್ನ ಜಾಗಕ್ಕೆ ಬಂದು ನಿಂತಾಗ ನಿಲ್ಲುತ್ತದೆ. ಓಡುಪಥದವರೆಗೆ ನೆಲದ ಮೇಲಿನ ಸಾಗಣೆ, ಸರದಿಗಾಗಿ ಕಾಯುವುದು, ಕಡಿಮೆ ವೇಗದ ಏರಿಕೆ ಮತ್ತು ಇಳಿಕೆ ಎಲ್ಲವೂ ಇದರಲ್ಲಿ ಸೇರಿವೆ. ಬೆಂಗಳೂರಿನ ಓಡುಪಥಗಳು ಪೂರ್ವ–ಪಶ್ಚಿಮವಾಗಿವೆ. ವಾಯವ್ಯದಿಂದ ಬಂದ ವಿಮಾನ ತಿರುಗಿ ಅವುಗಳ ನೇರಕ್ಕೆ ಬರಬೇಕು. ಇದರ ಮೇಲೆ ವಿಳಂಬಕ್ಕೆಂದು ಸ್ವಲ್ಪ ಕಾಲವನ್ನೂ ಕಾದಿರಿಸುತ್ತಾರೆ.

ಗಾಳಿಯ ಪಾತ್ರ ಬೇರೆ. ಗಂಟೆಗೆ 50 ಕಿ.ಮೀ. ವೇಗದ ಎದುರುಗಾಳಿ ಇದ್ದರೆ 58 ನಿಮಿಷ, ಅದೇ ಗಾಳಿ ಬೆನ್ನಿಗಿದ್ದರೆ 47.7 ನಿಮಿಷ. ಹೋಗಿಬರುವಾಗ ಗಾಳಿಯ ಪರಿಣಾಮ ವಜಾ ಆಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಕೂಡಿಸಿ ನೋಡಿ. ನಿಶ್ಚಲ ಗಾಳಿಯಲ್ಲಿ ಹಿಡಿಯುವ 104.7 ನಿಮಿಷದ ಬದಲು 105.7 ಬರುತ್ತದೆ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುವುದೇ ಇದಕ್ಕೆ ಕಾರಣ.

ಆ 28 ನಿಮಿಷ ದೂರ ಕಡಿಮೆಯಾದರೂ ಅಷ್ಟಾಗಿ ಕುಗ್ಗುವುದಿಲ್ಲ. ಸಾಂಬ್ರಾದಿಂದ ಹುಬ್ಬಳ್ಳಿ ನಿಲ್ದಾಣಕ್ಕೆ ನೇರ ದೂರ ಸುಮಾರು 75 ಕಿ.ಮೀ. ಮಾತ್ರ. ಪೂರ್ಣ ವೇಗದಲ್ಲಿ ಅದು 9 ನಿಮಿಷದ ಹಾರಾಟ. 28 ನಿಮಿಷ ಕೂಡಿಸಿದರೆ 37 ಆಗುತ್ತದೆ, ಸರಾಸರಿ ವೇಗ ಗಂಟೆಗೆ ಸುಮಾರು 122 ಕಿ.ಮೀ.ಗೆ ಇಳಿಯುತ್ತದೆ. ವಾಸ್ತವದಲ್ಲಿ ಪೂರ್ಣ ವೇಗ ಮುಟ್ಟುವ ಮೊದಲೇ ಇಳಿಯಲು ತೊಡಗಬೇಕು.

ಗೋಕಾಕದಿಂದ ಸಾಂಬ್ರಾಕ್ಕೆ ಇದೇ ವಿಧಾನದಲ್ಲಿ ನೇರ ದೂರ ಸುಮಾರು 41 ಕಿ.ಮೀ. ಬರುತ್ತದೆ. ಹುಕ್ಕೇರಿ, ಮೂಡಲಗಿಯ ಲೆಕ್ಕವನ್ನು ಅಲ್ಲಿಯ ವಿದ್ಯಾರ್ಥಿಗಳಿಗೇ ಬಿಟ್ಟಿದ್ದೇನೆ. ಶಾಲೆಯ ಅಂಗಳದಲ್ಲಿ ನಿಂತು ಮೊಬೈಲಿನ ಜಿಪಿಎಸ್‌ನಿಂದ ಅಕ್ಷಾಂಶ, ರೇಖಾಂಶ ಗುರುತಿಸಿಕೊಳ್ಳಿ. ಬಂದ ಉತ್ತರವನ್ನು ರಸ್ತೆಯ ದೂರದೊಡನೆ ಹೋಲಿಸಿ. ಕೊಸೈನ್ ಮರೆಯಬೇಡಿ.